ಕೇಕಮ್ಮನ ವಿಚಾರಣೆ

ಆ ಮನೆಯ ಹಿರಿಸೊಸೆಯನ್ನು ಬೀದಿಯವರೆಲ್ಲ ಕರೆಯುವುದು ಕೇಕಮ್ಮ ಎಂದೇ. ಅವಳು ಹಿಟ್ಟು ಕಲಸುವಾಗ ಯಾರೂ ಜೋರಾಗಿ ಸೀನುವಂತಿಲ್ಲ, "ಶ್! ಆಮೇಲೆ ಅದು ಉಬ್ಬಲ್ಲ" ಎಂದು ಗದರಿಬಿಡುತ್ತಾಳೆ. ಕೇಕು ಓವನ್ನಿನೊಳಗೆ ಹೋಯಿತೆಂದರೆ ಹೆರಿಗೆ ಕೋಣೆಯ ಹೊರಗೆ ನಿಂತ ಗಂಡನಂತೆ ಅದರ ಮುಂದೆ ಶತಪಥ ಹಾಕುತ್ತಾಳೆ. ತಿನ್ನುವವರ ಪಾಡಂತೂ ಕೇಳಲೇಬೇಡಿ. ತುಂಡು ಗಂಟಲಿಗಿಳಿಯುವ ಮೊದಲೇ "ಹೇಗಿದೆ? ಸಿಹಿ ಸಾಕಾ? ನಿಜ ಹೇಳಿ" ಎಂದು ಬೆನ್ನು ಹತ್ತುತ್ತಾಳೆ, ಬಚ್ಚಲಿಗೆ ಹೋದ ಮಾವನನ್ನೂ ಬಾಗಿಲಾಚೆಯಿಂದಲೇ ವಿಚಾರಿಸಿಕೊಂಡವಳು. ಪಲ್ಯಕ್ಕೂ ಇದೇ ವಿಚಾರಣೆ, ಬೇಳೆಸಾರಿಗೂ ಇದೇ. ಹೊಗಳಿಸಿಕೊಳ್ಳುವ ಚಪಲ ಎಂದು ನೆರೆಯವರು ಮೂಗು ಮುರಿಯುತ್ತಾರೆ. ಮನೆಯವರು ಮಾತ್ರ ಬೇಸರಿಸದೆ ಉತ್ತರ ಕೊಡುತ್ತಾರೆ. ಹೋದ ವರ್ಷದ ಜ್ವರ ಅವಳ ನಾಲಗೆಯ ರುಚಿಯನ್ನೇ ಹೊತ್ತುಕೊಂಡು ಹೋಗಿತ್ತು. ಅಂದಿನಿಂದ ಅವಳು ಅಡುಗೆ ಮಾಡುತ್ತಿದ್ದುದು ತಿನ್ನುವವರ ಮುಖ ನೋಡಿಕೊಂಡು. ಹಾಗಾಗಿ ಮೊನ್ನೆ ಪುಡಿ ಸಕ್ಕರೆಯೆಂದು ಉಪ್ಪಿನ ಡಬ್ಬಿಯನ್ನೇ ಸುರಿದು ಮಾಡಿದ ಕೇಕನ್ನೂ ಎಲ್ಲರೂ ತುಟಿ ಪಿಟಕ್ಕೆನ್ನದೆ ನುಂಗಿದರು. "ಭೇಷಾಗಿದೆಯಮ್ಮಾ" ಎಂದ ಮಾವ ಇನ್ನೊಂದು ತುಂಡನ್ನೂ ಕೇಳಿ ಹಾಕಿಸಿಕೊಂಡರು. ಖುಷಿಯಲ್ಲಿ ಕೇಕಮ್ಮ ತಾನೂ ಒಂದು ಚೂರು ಬಾಯಿಗಿಟ್ಟಳು, ಮುಖ ಸಿಂಡರಿಸಿದಳು, ಸಿಂಕಿನ ಕಡೆ ಓಡಿದಳು. "ಥೂ, ಬರೀ ಉಪ್ಪು! ಹೇಗೆ ಮಾವ ತಿಂದ್ರಿ ಇದನ್ನ?" ಎಂದು ಅವಳು ಅಲ್ಲಿಂದಲೇ ಬೈಯುತ್ತಿದ್ದರೆ, ಇಲ್ಲಿ ಮಾವ ಬಾಯಲ್ಲಿದ್ದ ತುತ್ತನ್ನೂ ಮರೆತು ಚಪ್ಪಾಳೆ ತಟ್ಟುತ್ತಿದ್ದರು.