ಎ ವಿಂಗಿಗೆ ಬಂದ ಫಾದರುಗಳು

ನಮ್ಮ ಅತ್ತೆಯ ಪ್ರಕಾರ ನಮ್ಮ ಮನೆಯ ಗೃಹಪ್ರವೇಶ ಮಾಡಿಸಿದ್ದು ಚರ್ಚಿನ ಫಾದರ್. ಹೀಗಂದರೆ ಊರಿನ ನೆಂಟರು ಹುಬ್ಬೇರಿಸುತ್ತಾರೆ. ಏರಿಸಲಿ. ಆ ದಿನ ಬಾಗಿಲು ತೆಗೆದವಳು ನಾನು, ನನಗಿಂತ ಚೆನ್ನಾಗಿ ಅವರಿಗೆ ಗೊತ್ತೇ?

ಘೋಡಬಂದರ್ ರಸ್ತೆಯ ಈ ಫ್ಲ್ಯಾಟಿಗೆ ನಾವು ಬಂದದ್ದು ಮಾವ ತೀರಿಕೊಂಡ ವರ್ಷ. ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ನಡುವೆ ಕ್ಯಾಂಟೀನು ನಡೆಸಿ ಅವರೇ ಬುಕ್ ಮಾಡಿದ್ದ ಮನೆ. ಕೀಲಿಕೈ ಸಿಗುವಾಗ ಅವರೇ ಇರಲಿಲ್ಲ. ಸಾವಾದ ವರ್ಷ ಶುಭಕಾರ್ಯ ಮಾಡುವ ಹಾಗಿಲ್ಲ, ಇತ್ತ ಬಾಡಿಗೆ ಮನೆ ಖಾಲಿ ಮಾಡದೆ ವಿಧಿಯಿಲ್ಲ. ಹಾಗಾಗಿ ಹೋಮವಿಲ್ಲ, ಹಾಲುಕ್ಕಿಸಲಿಲ್ಲ, ಟೆಂಪೋದಿಂದ ಸಾಮಾನು ಇಳಿಸಿ ಸೀದಾ ಒಳಗೆ ಬಂದೆವು. ಅತ್ತೆಗೆ ಅದೇ ಕೊರಗು. ಮಗಳಿಗೆ ಶೀತವಾದರೂ, ಮಿಕ್ಸಿ ಕೆಟ್ಟರೂ "ಒಕ್ಕಲಾಗದ ಮನೆ, ಇನ್ನೇನಾಗ್ತದೆ" ಅನ್ನುತ್ತಿದ್ದರು. ಕೇಳಿ ಕೇಳಿ ನನಗೂ ಸಾಕಾಗಿತ್ತು.

ಈಸ್ಟರ್ ಕಳೆದ ಮೇಲಿನ ಒಂದು ಮಧ್ಯಾಹ್ನ ಬೆಲ್ ಆಯಿತು. ಬಾಗಿಲು ತೆಗೆದರೆ ಬಿಳಿ ನಿಲುವಂಗಿಯ, ಎತ್ತರದ, ನೆರೆತ ತಲೆಯ ಒಬ್ಬ ಫಾದರ್. ನಕ್ಕರು, ಹಿಂದಿಯಲ್ಲಿ ಏನೋ ಒಳ್ಳೆಯ ಮಾತು ಹೇಳಿ ಒಳಗೇ ಬಂದರು. ಕ್ರೈಸ್ತರ ಮನೆಗಳಿಗೆ ವರ್ಷಕ್ಕೊಮ್ಮೆ ಫಾದರ್ ಬಂದು ಮಂತ್ರಿಸಿದ ನೀರು ಚಿಮುಕಿಸಿ ಆಶೀರ್ವದಿಸುತ್ತಾರೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಅವರು ಪಡಸಾಲೆಗೆ ನೀರು ಚಿಮುಕಿಸಿದರು, ಕೋಣೆಗೆ ಚಿಮುಕಿಸಿದರು. ಅಷ್ಟು ಭಕ್ತಿಯಿಂದ ಮಾಡುತ್ತಿರುವವರನ್ನು ತಡೆಯುವುದು ಹೇಗೆ? ಉಗುಳಲೂ ಆಗದ ನುಂಗಲೂ ಆಗದ ಬಿಸಿ ತುಪ್ಪ. ನಾನು ಸುಮ್ಮನೆ ಅವರ ಹಿಂದೆ ಹಿಂದೆ ನಡೆದೆ.

ಕೊನೆಗೆ ಶಿಲುಬೆ ಹುಡುಕಿಕೊಂಡು ಹೋಗಿ ಅವರು ನಿಂತದ್ದು ನಮ್ಮ ದೇವರ ಗೂಡಿನ ಮುಂದೆ. ಗಣಪತಿ, ದುರ್ಗೆ, ಪಕ್ಕದಲ್ಲಿ ಹಾರ ಹಾಕಿದ ಮಾವನ ಫೋಟೋ. ಅಷ್ಟರಲ್ಲಿ ಅತ್ತೆ ಒಳಗಿಂದ "ಏರ್ ಬತ್ತಿನಿ?" ಎಂದು ಕೇಳಿದರು. ಯಾರು ಬಂದದ್ದು ಎಂದು. ಯಾರೋ ಫಾದರ್, ಪಾಪ, ಮನೆ ತಪ್ಪಿ ಬಂದಿದ್ದಾರೆ, ಹೇಳುವುದು ಹೇಗೆಂದು ಗೊತ್ತಾಗುತ್ತಿಲ್ಲ ಎಂದು ನಾನು ತುಳುವಿನಲ್ಲೇ ಮೆಲ್ಲಗೆ ಅಂದೆ. ಫಾದರ್ ತಿರುಗಿ ತುಳುವಿನಲ್ಲೇ ಉತ್ತರ ಕೊಟ್ಟರು.

"ಹೌದು, ತಪ್ಪಿಯೇ ಬಂದದ್ದು. ಬಿ ವಿಂಗಿಗೆ ಹೋಗಬೇಕಿತ್ತು. ಆದರೆ ಚಿಮುಕಿಸಿದ ನೀರನ್ನು ವಾಪಸು ತೆಗೆಯಲಿಕ್ಕೆ ಬರುವುದಿಲ್ಲವಲ್ಲ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅತ್ತೆ ಮಾತ್ರ ಸೆರಗು ಸರಿಮಾಡಿಕೊಂಡು ಹೊರಗೆ ಬಂದರು. "ಎಲ್ಲಾ ಕಡೆಗೂ ಹಾಕಿ ಆಯಿತಾ?"

"ಅಡಿಗೆಮನೆ ಬಾಕಿ."

"ಹಾಗಾದರೆ ಅದನ್ನೂ ಮುಗಿಸಿ."

ಅವರು ಮುಗಿಸಿದರು. ನಾನು ಚಹಾಕ್ಕೆ ಹಾಲಿಟ್ಟಿದ್ದೆ. ಮೂವರೂ ಊರಿನ ಮಾತಿಗೆ ಕೂತೆವು, ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಬೇರೆ ದಿನವಾಗಿದ್ದರೆ ನನಗೆ ಅರ್ಚನೆಯಾಗುತ್ತಿತ್ತು. ಅತ್ತೆ ಎದ್ದು ನಿಂತು ಒಲೆಗೆ ಕೈಮುಗಿದರು. ನೀರು ಚಿಮುಕಿಸಿ ಆಯಿತು, ಹಾಲೂ ಉಕ್ಕಿತು, ಇನ್ನೇನು ಬೇಕು? ನಾವು ಕರೆಯಲಿಲ್ಲ, ತಾನಾಗಿ ಬಂತು, ಆದ್ದರಿಂದ ದೋಷವೂ ಇಲ್ಲ. ಆ ರಾತ್ರಿ ಅವರು ಗೊರಕೆ ಹೊಡೆದು ಮಲಗಿದರು.

ಮರುವರ್ಷ ಫಾದರ್ ಮತ್ತೆ ಬಂದರು. ಬಾಗಿಲಲ್ಲಿ ನಿಂತು ಗಂಭೀರವಾಗಿ "ಇದು ಬಿ ವಿಂಗ್ ಅಲ್ವಾ?" ಎಂದರು. "ಅಲ್ಲ, ಆದರೂ ಬನ್ನಿ" ಎಂದರು ಅತ್ತೆ. ಆಮೇಲೆ ಪ್ರತಿ ವರ್ಷ ಅದೇ ಪ್ರಶ್ನೆ, ಅದೇ ಉತ್ತರ, ನೀರುದೋಸೆ, ಚಹಾ. ಆಗ ಇಲ್ಲೆಲ್ಲ ಟವರುಗಳು ಏಳುತ್ತಿದ್ದ ಕಾಲ. ಕಲಬುರಗಿ, ರಾಯಚೂರು ಕಡೆಯ ಕೆಲಸಗಾರರ ತಗಡಿನ ಶೆಡ್ಡುಗಳಿಗೆ ಫಾದರ್ ಸಂಜೆ ಹೋಗಿ ಕೂರುತ್ತಿದ್ದರು. ಯಾರಾದರೂ ಕಟ್ಟಡಕ್ಕೆ ಕಟ್ಟಿದ ಅಟ್ಟಣಿಗೆಯಿಂದ ಬಿದ್ದರೆ ಆಸ್ಪತ್ರೆಗೆ ಮೊದಲು ಓಡುವವರು ಅವರೇ. ನಮ್ಮ ಕ್ಯಾಂಟೀನಿನಿಂದ ಇಡ್ಲಿ ಕಟ್ಟಿಸಿಕೊಂಡು ಹೋಗುವರು. "ನಿಮ್ಮ ಕನ್ನಡ ಪುಸ್ತಕ ಓದಿದಂಗ ಐತ್ರಿ ಫಾದರ್" ಎಂದು ಶೆಡ್ಡಿನ ಹೆಂಗಸರು ಚೇಷ್ಟೆ ಮಾಡುತ್ತಾರೆಂದು ಹೇಳಿಕೊಂಡು ತಾವೇ ನಗುತ್ತಿದ್ದರು.

ಅವರು ತೀರಿಕೊಂಡಾಗ ನನ್ನ ಗಂಡ ಕ್ಯಾಂಟೀನು ಮುಚ್ಚಿ ಮಣ್ಣಿಗೆ ಹೋಗಿ ಬಂದರು. ಮುಂದಿನ ಈಸ್ಟರಿಗೆ ಅತ್ತೆ ಬಾಗಿಲು ತೆರೆದಿಟ್ಟು ಎದುರಿಗೆ ಕುರ್ಚಿ ಹಾಕಿಕೊಂಡು ಕೂತರು. ಚರ್ಚಿಗೆ ಹೋಗಿ ಹೊಸ ಫಾದರನ್ನು ಕರೆದು ಬರಲೇ ಎಂದೆ. "ಕರೆದರೆ ಅದು ಕರೆಸಿಕೊಂಡ ಹಾಗಾಯಿತು. ತಾನಾಗಿ ಬರಬೇಕು" ಎಂದರು. ಅವರ ಶಾಸ್ತ್ರ ಅವರಿಗೆ. ತಪ್ಪು ಕೂಡ ವರ್ಷವರ್ಷ ಬರುತ್ತದೆಯೇ ಎಂದು ನಾನು ಒಳಗೊಳಗೇ ಮೂಗು ಮುರಿದೆ.

ಬಂತು. ವಸಯಿ ಕಡೆಯ, ದಪ್ಪಗಿನ, ಕೈಯಲ್ಲಿ ಹೆಲ್ಮೆಟ್ಟು ಹಿಡಿದ ಫಾದರ್. ಬಾಗಿಲ ಮೇಲೆ ಅಂಗೈಯಷ್ಟು ದೊಡ್ಡದಾಗಿ ಎ ಎಂದು ಬರೆದಿದೆ. ಅದನ್ನೇ ನೋಡುತ್ತ "ಬಿ ವಿಂಗ್ ಹೇಚ್ ನಾ?" ಎಂದು ಮರಾಠಿಯಲ್ಲಿ ಅದೇ ಪ್ರಶ್ನೆ ಕೇಳಿದರು. ಅತ್ತೆಗೆ ಕಣ್ಣು ತುಂಬಿತು. ದೊಡ್ಡ ಫಾದರ್ ಹಾಸಿಗೆ ಹಿಡಿದಿದ್ದಾಗ ಇವರಿಗೆ ಹೇಳಿದ್ದರಂತೆ, ಆ ಬಿಲ್ಡಿಂಗಿನಲ್ಲಿ ವಿಂಗ್ ತಪ್ಪುವುದನ್ನು ಮರೆಯಬೇಡ ಎಂದು.

ಈ ಸ್ಕೂಟರ್ ಫಾದರಿಗೆ ಕನ್ನಡವೂ ಇಲ್ಲ, ತುಳುವೂ ಇಲ್ಲ. ಅತ್ತೆಯ ಮರಾಠಿಯೋ ದೇವರಿಗೇ ಪ್ರೀತಿ. ಆದರೂ ಇಬ್ಬರೂ ತಾಸುಗಟ್ಟಲೆ ಮಾತಾಡುತ್ತಿದ್ದರು. ಲಾಕ್‌ಡೌನಿನಲ್ಲಿ ಹೆದ್ದಾರಿಯಲ್ಲಿ ನಡೆದು ಊರಿಗೆ ಹೊರಟವರಿಗಾಗಿ ನಮ್ಮ ಮುಚ್ಚಿದ ಕ್ಯಾಂಟೀನಿನ ಒಲೆ ಹಚ್ಚಿಸಿದವರು ಅವರೇ. ಚಿತ್ರಾನ್ನದ ಪೊಟ್ಟಣ ಸ್ಕೂಟರಿಗೆ ಕಟ್ಟಿಕೊಂಡು ಮಾಜಿವಾಡಾದ ಫ್ಲೈಓವರಿನ ಕೆಳಗೆ ನಿಲ್ಲುತ್ತಿದ್ದರು. ನನ್ನ ಗಂಡ ಇವತ್ತಿಗೂ ತನ್ನ ಜೀವಮಾನದ ಒಳ್ಳೆಯ ಅಡಿಗೆ ಅದೇ ಅನ್ನುತ್ತಾರೆ. ಕಳೆದ ದೀಪಾವಳಿಯ ಹೊತ್ತಿಗೆ ಸ್ಕೂಟರ್ ಫಾದರ್ ಎದೆನೋವೆಂದು ಕೂತವರು ಏಳಲಿಲ್ಲ. ಹಿಂದೆ ಬರುವವರಿಗೆ ಒಂದು ಮಾತು ಹೇಳಿಹೋಗಲು ಅವರಿಗೆ ಪುರುಸೊತ್ತು ಸಿಗಲಿಲ್ಲ.

ಈ ವರ್ಷ ಅತ್ತೆಗೆ ಕಣ್ಣು ಮಂಜು, ಕಾಲೂ ಏಳದು. ಈಸ್ಟರ್ ಕಳೆದದ್ದೇ ಕುರ್ಚಿಯನ್ನು ಬಾಗಿಲಿಗೆ ಹಾಕಿಸಿಕೊಂಡರು. ರಸ್ತೆಯ ಧೂಳೆಲ್ಲ ಮನೆಯೊಳಗೆ. "ಬರುವ ವರ್ಷ ನಾನು ಇರುವುದಿಲ್ಲ. ಈ ಸಲ ಒಮ್ಮೆ ಬಂದರೆ ಸಾಕು" ಅಂದರು. ಹೊಸ ಫಾದರ್ ಚಿಕ್ಕ ವಯಸ್ಸಿನವರು, ಫೋನಿನ ಮ್ಯಾಪು ನೋಡಿಕೊಂಡು ನಡೆಯುವವರು. ಅಂಥವರು ದಾರಿ ತಪ್ಪುವುದುಂಟೇ?

ಒಂದು ಭಾನುವಾರ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಗೇಟಿನ ಹತ್ತಿರ ಬಿಳಿ ನಿಲುವಂಗಿ ಕಂಡಿತು. ನೈಟಿಯ ಮೇಲೆ ಶಾಲು ಎಳೆದುಕೊಂಡು ಲಿಫ್ಟಿಗೂ ಕಾಯದೆ ಇಳಿದೆ. ಅವರು ಕೇಳಿದರು, "ಆಂಟಿ, ಬಿ ವಿಂಗ್ ಕಿಧರ್ ಹೈ?"

"ಆಯಿಯೇ" ಎಂದು ಸೀದಾ ನಮ್ಮ ಮನೆಗೆ ಕರೆತಂದೆ. ನಾನು ಕರೆಯಲಿಲ್ಲ, ದಾರಿ ಕೇಳಿದರು, ತೋರಿಸಿದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಅವರು ಪಡಸಾಲೆಗೆ ನೀರು ಚಿಮುಕಿಸಿದರು, ಕೋಣೆಗೆ ಚಿಮುಕಿಸಿದರು, ದೇವರ ಗೂಡಿನ ಮುಂದೆ ಬಂದು ನಿಂತರು. ನನ್ನ ಕಡೆ ನೋಡಿದರು. ನಾನು ಹಿಂದಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ, ದೊಡ್ಡ ಫಾದರಿನಿಂದ ಸ್ಕೂಟರ್ ಫಾದರಿನವರೆಗೆ. ಅವರು ಕೇಳಿಸಿಕೊಂಡು ಅತ್ತೆಯ ಕುರ್ಚಿಯ ಪಕ್ಕದಲ್ಲಿ ಬಗ್ಗಿದರು. ಈ ಮನೆಗಾಗಿ ಏನೆಂದು ಪ್ರಾರ್ಥಿಸಲಿ ಎಂದು ಕೇಳಿದರು. ನಾನು ಅತ್ತೆಗೆ ತುಳುವಿನಲ್ಲಿ ಹೇಳಿದೆ.

"ನಮ್ಮದಕ್ಕೆ ನಮ್ಮ ದೇವರು ಉಂಟು" ಎಂದರು ಅತ್ತೆ. "ಆ ಇಬ್ಬರಿಗಾಗಿ ಹೇಳಲಿಕ್ಕೆ ಹೇಳು. ಅವರಿಗೆ ಹೆಂಡತಿ ಮಕ್ಕಳು ಯಾರಿದ್ದಾರೆ?"

ಇಬ್ಬರ ಹೆಸರನ್ನೂ ನಾನು ಹೇಳಿದೆ. ನಮ್ಮ ಗಣಪತಿಯ ಮುಂದೆ, ಮಾವನ ಫೋಟೋದ ಪಕ್ಕದಲ್ಲಿ ನಿಂತು ಆ ಹುಡುಗ ಫಾದರ್ ಕಣ್ಣು ಮುಚ್ಚಿ ಅವರಿಗಾಗಿ ಪ್ರಾರ್ಥಿಸಿದರು. ಅತ್ತೆ ಕೈಮುಗಿದು ಕೂತಿದ್ದರು. ನನಗೆ ಅಳು ಬಂತು.

ಚಹಾ ಕುಡಿದು ಹೊರಡುವಾಗ ಅವರು ಬಾಗಿಲ ಮೇಲಿನ ಎ ಅಕ್ಷರವನ್ನು ನೋಡಿದರು. ಮುಂದಿನ ವರ್ಷ ಬಿಸಿಲಲ್ಲಿ ಇಳಿದು ಬರಬೇಡಿ ಆಂಟಿ, ನಾನೇ ದಾರಿ ತಪ್ಪುತ್ತೇನೆ ಎಂದರು.

"ಎಂತ ಹೇಳಿದರು?" ಎಂದು ಅತ್ತೆ ಕೇಳಿದರು.

"ಬರುವ ವರ್ಷವೂ ತಪ್ಪುತ್ತಾರಂತೆ."

"ಹಾಗಾದರೆ ಬಾಗಿಲು ಹಾಕು" ಎಂದರು ಅತ್ತೆ. "ಧೂಳು ಬರ್ತದೆ."