ಯಾವ ತಿಪ್ಪೇಸ್ವಾಮಿ?

ನಾನು ಶಿರಸ್ತೇದಾರ್ ಆಗಿದ್ದ ತಾಲ್ಲೂಕು ಕೋರ್ಟಿಗೆ ಒಂದು ಬೆಳಿಗ್ಗೆ ವರ್ಗಾವಣೆ ಆದೇಶ ಬಂತು. ಕಕ್ಷಿದಾರರ ಹೆಸರು ಕೂಗುವ ದಲಾಯತ್ ಟಿ. ತಿಪ್ಪೇಸ್ವಾಮಿ ಹೊಸದುರ್ಗಕ್ಕೆ ಹೋಗಬೇಕಂತೆ. ಆ ಹೆಸರಿನ ದಲಾಯತರು ನಮ್ಮಲ್ಲಿ ಇಬ್ಬರಿದ್ದರು. ಒಬ್ಬರ ‘ಟಿ’ ಅಂದರೆ ಊರು ತಾಳ್ಯ, ಇನ್ನೊಬ್ಬರದು ತಂದೆ ತಿಪ್ಪಯ್ಯ.

“ಅದು ನಂದೇ ಮೇಡಂ. ಹೆಂಡ್ತಿ ಮಕ್ಳು ಹೊಸದುರ್ಗದಾಗೇ ಅವ್ರೆ” ಎಂದರು ತಿಪ್ಪಯ್ಯನವರ ಮಗ.

“ಆದೇಶ ನಂದಾಗಿದ್ರೆ ಇಲ್ಲಿರೋ ನನ್ನ ಕುರಿ ನೀನೇ ಮೇಯ್ಸಪ್ಪ” ಎಂದು ತಾಳ್ಯದವರು ಅವರನ್ನು ಛೇಡಿಸಿದರು.

ತಿಪ್ಪಯ್ಯನವರ ಮಗ ಹೋಗುವುದು ಇಬ್ಬರಿಗೂ ಒಪ್ಪಿಗೆಯೇ. ಆದರೆ ಆದೇಶ ಇನ್ನೊಬ್ಬರದಾಗಿದ್ದು ಇವರನ್ನು ಕಳಿಸಿದರೆ ಹೊಸದುರ್ಗದವರು ವಾಪಸು ಅಟ್ಟುತ್ತಾರೆ, ಆ ಹೆಂಡತಿ ಮಕ್ಕಳ ಆಸೆ ಮಣ್ಣಾಗುತ್ತದೆ. ಇನ್ನೊಬ್ಬರನ್ನು ಕೇಳಿ ತಿಳಿಯುವುದು ನನ್ನ ಜಾಯಮಾನವಲ್ಲ. ಮಧ್ಯಾಹ್ನದವರೆಗೂ ಸೇವಾ ನಿಯಮಗಳ ಪುಸ್ತಕ ತಿರುವಿದೆ. ಒಂದೇ ಹೆಸರಿನವರ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಕೊನೆಗೆ ಸೋತು, ಆದೇಶ ಹೊರಡಿಸಿದ ಚಿತ್ರದುರ್ಗದ ಜಿಲ್ಲಾ ಕೋರ್ಟಿನ ಕಚೇರಿಗೆ ಫೋನ್ ಮಾಡಿದೆ.

“ಹಲೋ, ತಿಪ್ಪೇಸ್ವಾಮಿ ಮಾತಾಡೋದು.”

“ನೀವು ಅಲ್ಲಿಗೆ ಯಾವಾಗ ಹೋದ್ರಿ?” ಎಂದು ಗದರಿದೆ. ತಲೆಯೆತ್ತಿದರೆ ನಮ್ಮವರಿಬ್ಬರೂ ಎದುರಿಗೇ ನಿಂತಿದ್ದಾರೆ!

“ನಾನು ಇಲ್ಲೇ ಇರೋ ಗುಮಾಸ್ತ ಕಣ್ರಿ ಮೇಡಂ. ಆ ಆದೇಶ ಟೈಪ್ ಮಾಡಿದೋನೇ ನಾನು.”

ವಿಷಯ ಹೇಳಿದೆ. ಅವರು ವರ್ಗಾವಣೆ ಕೇಳಿ ಬಂದಿದ್ದ ಅರ್ಜಿ ಹುಡುಕಿ ನೋಡಿ, “ಹೊಸದುರ್ಗದಾಗೆ ಹೆಂಡ್ತಿ ಮಕ್ಳು ಅವ್ರೆ ಅಂತ ಬರ್ಕೊಂಡೋರಿಗೇ ಆಗೈತೆ, ಕಳ್ಸ್ರಿ” ಎಂದು ನಕ್ಕರು.

ತಿಪ್ಪಯ್ಯನವರ ಮಗ ಮರುದಿನವೇ ಖುಷಿಯಿಂದ ಬಸ್ಸು ಹತ್ತಿದರು. ಅವರ ಜಾಗಕ್ಕೆ ಬಂದ ಹೊಸ ದಲಾಯತರನ್ನು ಕೂರಿಸಿ ಕಾಫಿ ಕೊಡಿಸಿದೆ. ಹೆಸರು ಕೇಳಲು ಮಾತ್ರ ಸಂಜೆಯವರೆಗೂ ಧೈರ್ಯ ಬರಲಿಲ್ಲ.