ಕಪ್ಪಾಯ್ತು

ಬಯಲುಸೀಮೆಯಿಂದ ಸಾಗರದ ಮುನಿಸಿಪಾಲಿಟಿಗೆ ನಾನು ಗುಮಾಸ್ತನಾಗಿ ಬಂದ ಹೊಸತು. ಮಳೆನೀರಿನ ಚರಂಡಿಯ ಖರ್ಚಿಗೆಂದು ಮನೆಮನೆಗೂ ತೆರಿಗೆ ಹಾಕಿದ್ದರು. ವಸೂಲಿ ನನ್ನ ಪಾಲಿಗೆ ಬಂತು. ಬಳೆ ಮಾರುವ ಅಜ್ಜಿಯೊಬ್ಬರು, "ನಮ್ದು ಕಪ್ಪಾಯ್ತು ಮಾರಾಯ್ರೇ" ಅಂದರು. ತೆರಿಗೆಗೆ ರಾಜರ ಕಾಲದವರ ಹಾಗೆ ಕಪ್ಪ ಅನ್ನುತ್ತಾರೆ ಅಂದುಕೊಂಡು, "ರಶೀದಿ ತೋರ್ಸಿ ಅಮ್ಮಾ" ಅಂದೆ.

ಅಜ್ಜಿ ಒಳಗಿನಿಂದ ಗುದ್ದಲಿ ತಂದು ತೋರಿಸಿದರು. ಬೀದಿಯ ಕೊನೆಯವರೆಗೂ ಚರಂಡಿಯ ಹೂಳೆತ್ತಿದ್ದು ಅವರೇ. ನೀರು ಹರಿಯುವ ಕಾಲುವೆಗೆ ಈ ಕಡೆ ಕಪ್ಪು ಅನ್ನುತ್ತಾರಂತೆ. "ನಿಮ್ಮ ದುಡ್ಡು ಸೇರೋವರೆಗೆ ಮಳೆ ಕಾಯ್ತದಾ?" ಅಂದರು.

ರೂಲಿನಲ್ಲಿ ಗುದ್ದಲಿಗೆ ಜಾಗವಿರಲಿಲ್ಲ. ಅವರ ನಾಲ್ಕಾಣೆ ನಾನೇ ಹಾಕಿ ರಶೀದಿ ಬರೆದುಕೊಟ್ಟೆ.

ಆ ಮಳೆಗಾಲ ಮುಗಿದರೂ ತೆರಿಗೆಯ ಹಣ ಪೆಟ್ಟಿಗೆಯಲ್ಲೇ ಇತ್ತು. ಊರಲ್ಲಿ ನೀರು ನಿಲ್ಲದ ಬೀದಿ ಅಜ್ಜಿಯದೊಂದೇ. ತೆರಿಗೆ ಸದುಪಯೋಗವಾದದ್ದಕ್ಕೆ ಆ ಬೀದಿಯೇ ಸಾಕ್ಷಿ ಅಂತ ಸಾಹೇಬರು ವರದಿ ಹೇಳಿ ಬರೆಸಿದರು. ನಾನು ದುಂಡಗೆ ಬರೆದೆ.